ನಿಷೇಧವೆಂಬ ಸುಲಭದ ದಾರಿ

ನ್ಯೂಜಿಲೆಂಡ್‌ನ ದಕ್ಷಿಣ ದ್ವೀಪದಲ್ಲಿ ಟೆ ಆನೌ ಎಂಬ ಪುಟ್ಟ ಊರಿನಿಂದ ಮಿಲ್‌ಫರ್ಡ್ ಸೌಂಡ್ ಎಂಬ ಕಡಲ ಕಣಿವೆಗೆ ಹೋಗುವ ರಸ್ತೆ ಸುಮಾರು 120 ಕಿಲೊಮೀಟರ್ ಉದ್ದವಿದೆ. ಆ ದಾರಿಯಲ್ಲಿ ಒಂದು ವಾಹನವಷ್ಟೇ ದಾಟಬಲ್ಲ ಕಿರುಸೇತುವೆಗಳಿವೆ. ಅಲ್ಲಿ ಪೊಲೀಸರಿಲ್ಲ, ಕಾವಲುಗಾರರಿಲ್ಲ. ಸೇತುವೆಯ ಮುಂದೊಂದು ಫಲಕ, ಅದರಲ್ಲಿ ಎರಡು ಬಾಣದ ಗುರುತುಗಳು. ನಮ್ಮ ದಿಕ್ಕಿನ ಬಾಣ ಚಿಕ್ಕದಾಗಿ ಕೆಂಪಗಿದ್ದರೆ ನಾವು ನಿಂತು ಎದುರಿನವರಿಗೆ ದಾರಿ ಬಿಡಬೇಕು. ಕಳೆದ ಮಾರ್ಚ್‌ನ ಒಂದು ಬೆಳಿಗ್ಗೆ ಅಂಥದೊಂದು ಸೇತುವೆಯ ಆಚೆ ಬದಿಯಲ್ಲಿ ಪ್ರವಾಸಿಗರ ದೊಡ್ಡ ಬಸ್ಸೊಂದು ನನ್ನ ಒಂಟಿ ಮೋಟಾರ್ ಸೈಕಲ್ಲಿಗಾಗಿ ನಿಂತಿತು. ದೊಡ್ಡ ವಾಹನ ಚಿಕ್ಕದಕ್ಕೆ ದಾರಿ ಬಿಡುವುದನ್ನು ಕಂಡು ಅಭ್ಯಾಸವಿಲ್ಲದ ನಾನೂ ನಿಂತುಬಿಟ್ಟೆ. ಚಾಲಕ ಕೈಬೀಸಿ ಕರೆದ ಮೇಲೆಯೇ ಮುಂದೆ ಹೊರಟೆ.

ನನಗೀಗ ಅರವತ್ತನಾಲ್ಕು. ಮಾನಸಗಂಗೋತ್ರಿಯಲ್ಲಿ ಅರ್ಥಶಾಸ್ತ್ರದ ಎಂ.ಎ. ಓದುತ್ತಿದ್ದ ಕಾಲಕ್ಕೆ ಮೈಸೂರಿನಲ್ಲೇ ತಯಾರಾಗುತ್ತಿದ್ದ ಯೆಜ್ಡಿಯ ಮೇಲೆ ಸ್ನೇಹಿತರೊಡನೆ ಕೊಡಗು, ಚಿಕ್ಕಮಗಳೂರು ಸುತ್ತಿದವನು. ಆಮೇಲೆ ಮೂರು ದಶಕಗಳ ಸರ್ಕಾರಿ ನೌಕರಿಯಲ್ಲಿ ಜೀಪಿನ ಎಡಬದಿಯ ಆಸನ ಬಿಟ್ಟು ಕದಲಲಿಲ್ಲ. ನಿವೃತ್ತಿಯ ನಂತರ ಒಬ್ಬನೇ ಒಂದು ದೂರದ ದೇಶವನ್ನು ಮೋಟಾರ್ ಸೈಕಲ್ಲಿನ ಮೇಲೆ ನೋಡಬೇಕೆಂದು ಹೊರಟಾಗ ಮನೆಯಲ್ಲಿ ಎದ್ದ ಆಕ್ಷೇಪಗಳನ್ನು ಇಲ್ಲಿ ಬರೆಯುವುದು ಬೇಡ. ಸಾರಿಗೆ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಪಡೆದು, ಕ್ರೈಸ್ಟ್‌ಚರ್ಚ್‌ನಲ್ಲಿ ಬಾಡಿಗೆಗೆ ಮೋಟಾರ್ ಸೈಕಲ್ ಹಿಡಿದು, ಟೆಕಾಪೊ ಮತ್ತು ಪುಕಾಕಿ ಸರೋವರಗಳ ದಂಡೆಯಲ್ಲಿ ಹಾದು, ಲಿಂಡಿಸ್ ಪಾಸ್ ಏರಿಳಿದು ಕ್ವೀನ್ಸ್‌ಟೌನ್ ತಲುಪಿದೆ. ನಮ್ಮಂತೆಯೇ ಅವರೂ ರಸ್ತೆಯ ಎಡಬದಿಯಲ್ಲಿ ಚಲಿಸುವುದರಿಂದ ನನಗೆ ಹೆಚ್ಚು ತೊಂದರೆಯಾಗಲಿಲ್ಲ.

ಕ್ವೀನ್ಸ್‌ಟೌನಿಗೆ ಸ್ವಲ್ಪ ಮೊದಲು ಕವರೌ ನದಿಯ ಕಮರಿಗೆ ಅಡ್ಡಲಾಗಿ 1880ರಲ್ಲಿ ಕಟ್ಟಿದ ಹಳೆಯ ತೂಗುಸೇತುವೆ ಇದೆ. ಕಾಲಿಗೆ ರಬ್ಬರ್ ಹಗ್ಗ ಬಿಗಿದುಕೊಂಡು 43 ಮೀಟರ್ ಕೆಳಕ್ಕೆ ಧುಮುಕುವ ಬಂಜೀ ಜಿಗಿತವು ವ್ಯಾಪಾರಿ ರೂಪದಲ್ಲಿ ಶಾಶ್ವತ ನೆಲೆ ಕಂಡದ್ದು ಈ ಸೇತುವೆಯಲ್ಲಿ, 1988ರ ನವೆಂಬರ್‌ನಲ್ಲಿ. ಎ.ಜೆ. ಹ್ಯಾಕೆಟ್ ಮತ್ತು ಹೆನ್ರಿ ವ್ಯಾನ್ ಆಶ್ ಎಂಬಿಬ್ಬರು ಅದನ್ನು ಆರಂಭಿಸಿದರು. ಹ್ಯಾಕೆಟ್ ಅದರ ಹಿಂದಿನ ವರ್ಷವಷ್ಟೇ ಪ್ಯಾರಿಸ್ಸಿನ ಐಫೆಲ್ ಗೋಪುರದಿಂದ ಜಿಗಿದು ಪೊಲೀಸರ ವಶವಾಗಿದ್ದ ವ್ಯಕ್ತಿ. ಅಂಥವನೊಬ್ಬ ಸರ್ಕಾರದ ಸಂರಕ್ಷಣಾ ಇಲಾಖೆಯ ಕಚೇರಿಗೆ ಹೋಗಿ, ಸಾರ್ವಜನಿಕರನ್ನು ಸೇತುವೆಯಿಂದ ಕೆಳಗೆ ಜಿಗಿಸಲು ಅನುಮತಿ ಕೇಳಿದ. ಇಲಾಖೆ ಅಲ್ಪಾವಧಿಯ ಪರವಾನಗಿ ನೀಡಿತು. ನಡೆಸಿ ತೋರಿಸಿ, ಆಮೇಲೆ ನೋಡೋಣ ಎಂಬುದು ಅದರ ತಾತ್ಪರ್ಯ. ಆ ಕಡತಕ್ಕೆ ಸಹಿ ಹಾಕಿದ ಅಧಿಕಾರಿ ಯಾರೋ ನಾನರಿಯೆ. ಆದರೆ ಸೇತುವೆಯ ಮೇಲೆ ನಿಂತಿದ್ದಾಗ ನಾನು ನೆನೆದದ್ದು ಜಿಗಿದವನನ್ನಲ್ಲ, ಆ ಅಧಿಕಾರಿಯನ್ನು.

ನಾನೂ ಜಿಗಿಯಲು ಹೆಸರು ಕೊಟ್ಟಿದ್ದೆ. ಅಲ್ಲಿ ಮೊದಲು ತೂಕ ನೋಡಿ ಅಂಕಿಯನ್ನು ಕೈಮೇಲೆ ಬರೆಯುತ್ತಾರೆ. ಯಾವ ಹಗ್ಗ ಎಂಬುದು ಅದರಿಂದ ನಿರ್ಧಾರವಾಗುತ್ತದೆ. ಆರೋಗ್ಯದ ಬಗ್ಗೆ ಪ್ರಶ್ನೆಗಳಿರುತ್ತವೆ. ಎರಡು ವರ್ಷಗಳ ಹಿಂದೆ ನನ್ನ ಅಕ್ಷಿಪಟಲಕ್ಕೆ ಲೇಸರ್ ಚಿಕಿತ್ಸೆಯಾಗಿದ್ದನ್ನು ಬರೆದೆ. ಮೊಮ್ಮಗಳ ವಯಸ್ಸಿನ ಹುಡುಗಿಯೊಬ್ಬಳು ಅದನ್ನು ಓದಿ, ತನ್ನ ಮೇಲ್ವಿಚಾರಕನನ್ನು ಕರೆದಳು. ತಲೆಕೆಳಗಾಗಿ ಬೀಳುವಾಗ ಕಣ್ಣಿನ ಮೇಲೆ ಬೀಳುವ ಒತ್ತಡ ನಿಮಗೆ ಅಪಾಯಕಾರಿ, ಜಿಗಿಯುವುದು ಬೇಡ ಎಂದು ಆತ ವಿನಯದಿಂದ ಹೇಳಿ ಹಣ ವಾಪಸು ಮಾಡಿಸಿದ. ನನ್ನ ಹಿಂದೆ ನಿಂತಿದ್ದ ತರುಣ ಮುಂದೆ ಹೋಗಿ ಜಿಗಿದ. ಮರುದಿನ ಅದೇ ನದಿಯಲ್ಲಿ ರಬ್ಬರ್ ತೆಪ್ಪದ ಯಾನಕ್ಕೆ ಹೋದೆ. ಅಲ್ಲಿಯೂ ಪ್ರಶ್ನೆಗಳಿದ್ದವು; ಉತ್ತರ ಕೇಳಿದ ಮಾರ್ಗದರ್ಶಿ ನನ್ನನ್ನು ಹತ್ತಿಸಿಕೊಂಡ. ತೆಪ್ಪ ಮಗುಚಿದರೆ ಏನು ಮಾಡಬೇಕೆಂಬುದನ್ನು ಶಾಂತವಾದ ನೀರಿನಲ್ಲಿ ಮೂರು ಬಾರಿ ಮಾಡಿಸಿದ ಮೇಲೆಯೇ ಸೆಳವಿನತ್ತ ತಿರುಗಿಸಿದ.

ಒಬ್ಬನಿಗೆ ಬೇಡವೆನ್ನುವುದಕ್ಕೂ ನದಿಯನ್ನೇ ಎಲ್ಲರಿಗೂ ಮುಚ್ಚುವುದಕ್ಕೂ ಇರುವ ವ್ಯತ್ಯಾಸ ಆ ಎರಡು ದಿನಗಳಲ್ಲಿ ನನಗೆ ಚುಚ್ಚಿದಂತಾಯಿತು. ಅದಕ್ಕೆ ಕಾರಣವಿದೆ.

2000ರ ದಶಕದ ಆರಂಭದಲ್ಲಿ ನಾನು ಮಲೆನಾಡಿನ ಒಂದು ಉಪವಿಭಾಗದ ಅಧಿಕಾರಿಯಾಗಿದ್ದೆ. ಊರಿನ ಕೆಲವು ಯುವಕರು ಪ್ರವಾಸಿಗರನ್ನು ತೆಪ್ಪದಲ್ಲಿ ಕೂರಿಸಿ ನದಿಯಲ್ಲಿ ಕರೆದೊಯ್ಯುತ್ತಿದ್ದರು. ಒಂದು ಭಾನುವಾರ ತೆಪ್ಪ ಮಗುಚಿ ನಗರದಿಂದ ಬಂದಿದ್ದ ಇಬ್ಬರು ವಿದ್ಯಾರ್ಥಿಗಳು ಮುಳುಗಿದರು. ಸೋಮವಾರ ಸಂಜೆ ಆರರೊಳಗೆ ದಂಡಪ್ರಕ್ರಿಯಾ ಸಂಹಿತೆಯ 144ನೇ ಕಲಮಿನಡಿ ನಾನು ನಿಷೇಧಾಜ್ಞೆ ಹೊರಡಿಸಿದೆ. ಅದರ ಅವಧಿ ಮುಗಿಯುವ ಹೊತ್ತಿಗೆ ಬೇರೆ ಬೇರೆ ಇಲಾಖೆಗಳ ಸುತ್ತೋಲೆಗಳು ಬಂದು ನದಿ ಪೂರ್ತಿ ಮುಚ್ಚಿತು. ಮೇಲಿನವರು ಮೆಚ್ಚಿದರು, ಪತ್ರಿಕೆಗಳು ದಿಟ್ಟ ಕ್ರಮವೆಂದವು.

ಮರುವರ್ಷ ಅದೇ ನದಿಯಲ್ಲಿ ಮತ್ತೊಂದು ಸಾವಾಯಿತು. ಸತ್ತವನು ತೆಪ್ಪ ನಡೆಸುತ್ತಿದ್ದ ಸ್ಥಳೀಯ ಹುಡುಗ, ಹತ್ತೊಂಬತ್ತು ವರ್ಷ. ನಿಷೇಧವಿದ್ದುದರಿಂದ ಯಾನ ಮುಂಜಾವಿನ ಕತ್ತಲಲ್ಲಿ ಕದ್ದು ನಡೆಯುತ್ತಿತ್ತು. ಜೀವರಕ್ಷಕ ಅಂಗಿಗಳು ದೂರದಿಂದ ಕಾಣುತ್ತವೆಂದು ಅವುಗಳನ್ನು ಬಿಟ್ಟಿದ್ದರು. ಕೂಗಿದರೆ ಕೇಳುವಷ್ಟು ಸಮೀಪದಲ್ಲಿ ಯಾರೂ ಇರಲಿಲ್ಲ. ನಮ್ಮ ದಾಖಲೆಗಳಲ್ಲಿ ಆ ಸಾವು ‘ನಿಷೇಧಿತ ಪ್ರದೇಶಕ್ಕೆ ಅಕ್ರಮ ಪ್ರವೇಶ’ ಎಂಬ ಶೀರ್ಷಿಕೆಯಡಿ ಸೇರಿತು. ಆತನ ತಂದೆ ಕಚೇರಿಗೆ ಬಂದಾಗ, ಪರಿಹಾರಕ್ಕೆ ಅವಕಾಶವಿಲ್ಲವೆಂದು ಹೇಳಿದವನೂ ನಾನೇ. ‘ಸ್ವಾಮಿ, ನೀವು ಬಾಗಿಲು ಹಾಕಿದಿರಿ, ನದಿ ಹರಿಯೋದು ನಿಲ್ಲಲಿಲ್ಲವಲ್ಲ’ ಎಂದಷ್ಟೇ ಅವರು ಹೇಳಿ ಹೋದರು. ನನ್ನ ಆದೇಶ ಕಾನೂನಿನ ಪ್ರಕಾರ ಸರಿಯಾಗಿತ್ತು. ಅದರಿಂದ ಒಂದಾದರೂ ಜೀವ ಉಳಿಯಿತೇ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ಕವರೌ ನದಿಯಲ್ಲೂ ಸಾವುಗಳಾಗಿವೆ. 2008ರ ಏಪ್ರಿಲ್‌ನಲ್ಲಿ ಈಜುಹಲಗೆ ಹಿಡಿದು ಸೆಳವಿನಲ್ಲಿ ತೇಲುವ ಆಟವಾಡುತ್ತಿದ್ದ ಬ್ರಿಟನ್ನಿನ ತರುಣಿಯೊಬ್ಬಳು ಬಂಡೆಯಡಿ ಸಿಲುಕಿ ಮುಳುಗಿದಳು. ಆಕೆಯ ತಂದೆ ನ್ಯೂಜಿಲೆಂಡ್‌ನ ಪ್ರಧಾನಿಗೆ ಪತ್ರ ಬರೆದರು. ಪ್ರಧಾನಿ ಜಾನ್ ಕೀ 2009ರಲ್ಲಿ ಇಡೀ ಸಾಹಸ ಉದ್ಯಮದ ಪರಿಶೀಲನೆಗೆ ಆದೇಶಿಸಿದರು. ಅದರ ಫಲವಾಗಿ 2011ರಲ್ಲಿ ನಿಯಮಗಳು ಬಂದವು. ಅವುಗಳ ವ್ಯಾಪ್ತಿಗೆ ಬರುವ ಸಾಹಸ ಚಟುವಟಿಕೆ ನಡೆಸುವವರು ಮಾನ್ಯತೆ ಪಡೆದ ಪರಿಶೋಧಕರಿಂದ ಸುರಕ್ಷತಾ ತಪಾಸಣೆ ಮಾಡಿಸಿಕೊಂಡು ನೋಂದಾಯಿಸಿಕೊಳ್ಳಬೇಕು. ಆ ನೋಂದಣಿ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ತೆಪ್ಪಯಾನಕ್ಕೆ ಕಡಲ ಸಾರಿಗೆ ಪ್ರಾಧಿಕಾರದ ಪ್ರತ್ಯೇಕ ನಿಯಮಗಳಿವೆ. ಅಲ್ಲಿ ಒಂದು ಸಾವಿಗೆ ಸಿಕ್ಕ ಉತ್ತರ ಒಂದು ವ್ಯವಸ್ಥೆ. ನಾನು ಕೊಟ್ಟ ಉತ್ತರ ಒಂದು ಆದೇಶ.

ಮಿಲ್‌ಫರ್ಡ್ ರಸ್ತೆಯ ಕಥೆಯೂ ಇಂಥದೇ. ಆ ದಾರಿಯಲ್ಲಿರುವ 1.2 ಕಿಲೊಮೀಟರ್ ಉದ್ದದ ಹೋಮರ್ ಸುರಂಗದ ಕೆಲಸ 1935ರ ಆರ್ಥಿಕ ಕುಸಿತದ ದಿನಗಳಲ್ಲಿ ನಿರುದ್ಯೋಗಿಗಳ ಗುದ್ದಲಿ ಪಿಕಾಸಿಗಳಿಂದ ಶುರುವಾಗಿ, ವಾಹನಗಳಿಗೆ ತೆರೆದುಕೊಂಡದ್ದು 1954ರಲ್ಲಿ. ಚಳಿಗಾಲದಲ್ಲಿ ಅಲ್ಲಿ ಹಿಮಪಾತದ ಭಯ. 1983ರಲ್ಲಿ ರಸ್ತೆಯ ಮೇಲ್ವಿಚಾರಕನೊಬ್ಬ ಹಿಮದಡಿ ಸಿಕ್ಕಿ ಸತ್ತ ನಂತರ ಹಿಮವನ್ನು ಅಳೆದು ನೋಡುವ ಕಾರ್ಯಕ್ರಮ ಜಾರಿಗೆ ಬಂತು. ಅಪಾಯವಿರುವ ದಿನಗಳಲ್ಲಿ ರಸ್ತೆ ಮುಚ್ಚುತ್ತಾರೆ, ಹೆಲಿಕಾಪ್ಟರಿನಿಂದ ಸಿಡಿಮದ್ದು ಹಾಕಿ ಸಡಿಲ ಹಿಮವನ್ನು ತಾವೇ ಕೆಡವುತ್ತಾರೆ, ಉಳಿದ ದಿನ ತೆರೆದಿಡುತ್ತಾರೆ. ಮುಚ್ಚುವುದೂ ಒಂದು ಅಸ್ತ್ರವೇ. ಆದರೆ ಅದನ್ನು ಬಳಸುವ ಮೊದಲು ಅಳೆಯುವ ಕೆಲಸವೊಂದಿದೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನ್ನ ಗಮನ ಸೆಳೆದದ್ದು ಇನ್ನೊಂದು ಸಂಗತಿ. ಅಪಾಯದ ಬೆಲೆಯನ್ನು ಯಾರು ತೆರಬೇಕು? ನ್ಯಾಯಮೂರ್ತಿ ಓವೆನ್ ವುಡ್‌ಹೌಸ್ ನೇತೃತ್ವದ ಆಯೋಗ 1967ರಲ್ಲಿ ಕೊಟ್ಟ ವರದಿಯ ಆಧಾರದ ಮೇಲೆ 1974ರಲ್ಲಿ ಅಲ್ಲಿ ಅಪಘಾತ ಪರಿಹಾರ ಯೋಜನೆ ಆರಂಭವಾಯಿತು. ತಪ್ಪು ಯಾರದೆಂಬ ಜಗಳವಿಲ್ಲದೆ ಅಪಘಾತದಲ್ಲಿ ಗಾಯಗೊಂಡವರ ಚಿಕಿತ್ಸೆಗೆ ನೆರವು ಸಿಗುತ್ತದೆ. ನನ್ನಂಥ ಪ್ರವಾಸಿಗೂ ಆ ಸೌಲಭ್ಯವಿದೆ. ಕಾಯಿಲೆಗೆ ಅದು ಅನ್ವಯಿಸದು, ಊರಿಗೆ ಮರಳುವ ವೆಚ್ಚವನ್ನೂ ಕೊಡದು. ಪ್ರತಿಯಾಗಿ, ಗಾಯಾಳು ಪರಿಹಾರಕ್ಕಾಗಿ ನ್ಯಾಯಾಲಯದಲ್ಲಿ ದಾವೆ ಹೂಡುವ ಹಕ್ಕನ್ನು ಬಹುಮಟ್ಟಿಗೆ ಬಿಟ್ಟುಕೊಡುತ್ತಾನೆ.

ಈ ನಿಧಿಗೆ ಹಣ ಬರುವ ದಾರಿಗಳಲ್ಲಿ ಪೆಟ್ರೋಲಿನ ಮೇಲಿನ ವಂತಿಗೆಯೂ ಒಂದು. ಹೆಚ್ಚು ಅಪಾಯದ ವಾಹನವಾದ ಮೋಟಾರ್ ಸೈಕಲ್ಲಿನ ಮಾಲೀಕರು ನೋಂದಣಿಯ ಹೊತ್ತಿಗೆ ಕಾರಿನವರಿಗಿಂತ ಹೆಚ್ಚು ತೆರುತ್ತಾರೆ. 2009ರಲ್ಲಿ ಅದನ್ನು ತೀವ್ರವಾಗಿ ಏರಿಸುವ ಪ್ರಸ್ತಾವ ಬಂದಾಗ ಸಾವಿರಾರು ಸವಾರರು ವೆಲಿಂಗ್ಟನ್ನಿನ ಸಂಸತ್ ಭವನದ ಮುಂದೆ ಪ್ರತಿಭಟಿಸಿದರು. ಏರಿಕೆ ತಗ್ಗಿತು, ತತ್ವ ಉಳಿಯಿತು. ಸವಾರನಾಗಿ ನನ್ನ ಸಹಾನುಭೂತಿ ಅವರ ಕಡೆಗಿದೆ. ಅರ್ಥಶಾಸ್ತ್ರ ಓದಿದವನಾಗಿ ತತ್ವದ ಕಡೆಗಿದೆ. ಸಾಹಸ ಮಾಡುವವನು ತನ್ನ ಸಾಹಸದ ವೆಚ್ಚದಲ್ಲಿ ಒಂದು ಪಾಲನ್ನು ಮೊದಲೇ ಕಟ್ಟಿಡುವುದು ನ್ಯಾಯ.

ಪರದೇಶ ನೋಡಿ ಬಂದವರು ಅಲ್ಲಿನದೆಲ್ಲವನ್ನೂ ಹೊಗಳುವ ಚಾಳಿ ನನಗೆ ಇಷ್ಟವಿಲ್ಲ. ಆದ್ದರಿಂದ ಇದನ್ನೂ ಹೇಳಬೇಕು. 2019ರ ಡಿಸೆಂಬರ್ 9ರಂದು ನ್ಯೂಜಿಲೆಂಡ್‌ನ ವಕಾರಿ ದ್ವೀಪದಲ್ಲಿ ಜ್ವಾಲಾಮುಖಿ ಸಿಡಿದಾಗ ಅಲ್ಲಿ 47 ಜನರಿದ್ದರು. 22 ಮಂದಿ ಸತ್ತರು. ಜ್ವಾಲಾಮುಖಿಯ ಎಚ್ಚರಿಕೆ ಮಟ್ಟವನ್ನು ಕೆಲವು ವಾರಗಳ ಹಿಂದೆಯೇ ಏರಿಸಲಾಗಿತ್ತು, ಪ್ರವಾಸ ನಿಂತಿರಲಿಲ್ಲ. ನಿಯಂತ್ರಕ ಸಂಸ್ಥೆಯೇ ಕರ್ತವ್ಯದಲ್ಲಿ ಹಿಂದೆ ಬಿದ್ದಿತ್ತೆಂದು 2021ರ ಸ್ವತಂತ್ರ ವಿಮರ್ಶೆ ಹೇಳಿತು. ನೈಸರ್ಗಿಕ ಅಪಾಯಗಳ ಬಗ್ಗೆ ಗ್ರಾಹಕರಿಗೆ ಮೊದಲೇ ತಿಳಿಸುವ ಹೊಣೆಯನ್ನು ಬಿಗಿಗೊಳಿಸಿದ ತಿದ್ದುಪಡಿ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ನಿಯಮಗಳಿದ್ದ ಮಾತ್ರಕ್ಕೆ ಸಾವು ತಪ್ಪುವುದಿಲ್ಲ. ಆದರೆ ಯಾರು ಎಲ್ಲಿ ತಪ್ಪಿದರೆಂದು ಬಹಿರಂಗವಾಗಿ ಹುಡುಕಲು, ಮುಂದಕ್ಕೆ ತಿದ್ದಿಕೊಳ್ಳಲು ಅವು ಆಧಾರವಾಗುತ್ತವೆ.

ನಮ್ಮ ಸ್ಥಿತಿಯೇನು? ಇಂದು ಬೆಂಗಳೂರಿನ ಯುವಜನರು ವಾರದ ಕೊನೆಗೆ ಕಾಳಿ ನದಿಗೆ, ಕೊಡಗಿನ ಬರಪೊಳೆಗೆ, ಪಶ್ಚಿಮಘಟ್ಟದ ಶಿಖರಗಳಿಗೆ ಹೊರಡುತ್ತಾರೆ. ರಜೆ ಹೆಚ್ಚು ಸಿಕ್ಕರೆ ಹಿಮಾಲಯಕ್ಕೆ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಕರ್ನಾಟಕದಿಂದ ಹೋಗಿದ್ದ 22 ಜನರ ತಂಡದಲ್ಲಿ 9 ಮಂದಿ ಹಿಮಗಾಳಿಗೆ ಸಿಲುಕಿ ಮರಳಲಿಲ್ಲ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 2018ರಲ್ಲಿ ಸಾಹಸ ಪ್ರವಾಸದ ವಿವರವಾದ ಮಾರ್ಗಸೂಚಿಗಳನ್ನು ಹೊರತಂದಿದೆ. ಹಿಮಾಚಲ, ಉತ್ತರಾಖಂಡಗಳು ತಮ್ಮದೇ ನಿಯಮಗಳನ್ನು ಮಾಡಿಕೊಂಡಿವೆ. ಮಾರ್ಗಸೂಚಿ ದಾರಿ ತೋರಿಸಬಲ್ಲದು, ಯಾರನ್ನೂ ಹೊಣೆಗಾರರನ್ನಾಗಿ ಮಾಡಲಾರದು.

ಆಶಾದಾಯಕ ಉದಾಹರಣೆ ನಮ್ಮಲ್ಲಿಯೂ ಇದೆ. 2024ರ ಜನವರಿಯಲ್ಲಿ ಕುಮಾರಪರ್ವತದ ನೂಕುನುಗ್ಗಲಿನ ಚಿತ್ರಗಳು ಹರಡಿದಾಗ ಅರಣ್ಯ ಇಲಾಖೆ ಮೊದಲು ಚಾರಣಕ್ಕೆ ತಡೆಯೊಡ್ಡಿತು. ಆದರೆ ಅಲ್ಲಿಗೇ ನಿಲ್ಲದೆ, ಆನ್‌ಲೈನ್ ಮುಂಗಡ ನೋಂದಣಿ, ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿ ತಂದು ಹಾದಿಯನ್ನು ಮತ್ತೆ ತೆರೆಯಿತು. ಇದೇ ವಿವೇಕ ನದಿಗಳಿಗೂ ಬಂಡೆಗಳಿಗೂ ವಿಸ್ತರಿಸಬೇಕು. ಸಾಹಸ ಚಟುವಟಿಕೆ ನಡೆಸುವವರಿಗೆಲ್ಲ ರಾಜ್ಯಮಟ್ಟದ ಶಾಸನಬದ್ಧ ನೋಂದಣಿ ಇರಲಿ. ತಪಾಸಣೆ ಮಾಡುವವರು ಪರವಾನಗಿ ಕೊಡುವ ಇಲಾಖೆಯ ಹೊರಗಿನವರಾಗಿರಲಿ. ಪ್ರತಿ ಟಿಕೆಟ್ಟಿನಿಂದ ಒಂದಿಷ್ಟು ಹಣ ವಿಮಾ ನಿಧಿಗೆ ಹೋಗಲಿ. ಅದರ ರಕ್ಷಣೆ ಪ್ರವಾಸಿಗಷ್ಟೇ ಅಲ್ಲ, ತೆಪ್ಪ ನಡೆಸುವ ಹುಡುಗನಿಗೂ ಸಿಗಲಿ. ಪ್ರತಿ ಅಪಘಾತದ ತನಿಖಾ ವರದಿ ಪ್ರಕಟವಾಗಲಿ.

ನನ್ನ ಸೇವೆಯಲ್ಲಿರುವ ಕಿರಿಯರು ಇದನ್ನು ಓದಿ ನಕ್ಕಾರು. ಪರವಾನಗಿ ಕೊಟ್ಟ ಮೇಲೆ ಅಪಘಾತವಾದರೆ ಅಮಾನತಾಗುವವರು ನಾವು, ನಿಷೇಧಿಸಿದ್ದಕ್ಕೆ ಅಮಾನತಾದ ಒಬ್ಬ ಅಧಿಕಾರಿಯನ್ನು ತೋರಿಸಿ ಎಂದಾರು. ಅವರ ಮಾತು ನಿಜ. ನಮ್ಮ ವ್ಯವಸ್ಥೆಯಲ್ಲಿ ‘ಬೇಡ’ ಎನ್ನುವುದಕ್ಕೆ ದಂಡವಿಲ್ಲ, ಅದರ ಬೆಲೆ ತೆರುವವರು ಕಡತದ ಹೊರಗಿರುತ್ತಾರೆ. ನಿಯಮದಂತೆ ಪರಿಶೀಲಿಸಿ ಅನುಮತಿಸಿದ ಅಧಿಕಾರಿಗೆ ಕಾನೂನಿನ ರಕ್ಷಣೆ ಕೊಡದ ಹೊರತು ಈ ಲೆಕ್ಕಾಚಾರ ಬದಲಾಗದು. ಮೇಲೆ ಹೇಳಿದ ಎಲ್ಲ ಸುಧಾರಣೆಗಳಿಗಿಂತ ಮೊದಲು ಆಗಬೇಕಾದದ್ದು ಇದು.

ಕವರೌ ಸೇತುವೆಯಲ್ಲಿ ಹಣ ವಾಪಸು ಮಾಡಿದ ಚೀಟಿಯನ್ನು ಇಟ್ಟುಕೊಂಡಿದ್ದೇನೆ. ಜಿಗಿಯಲಾಗಲಿಲ್ಲವೆಂಬ ಬೇಸರ ನನಗಿಲ್ಲ. ನನ್ನ ಕಣ್ಣಿನ ಸ್ಥಿತಿಯನ್ನು ಕೇಳಿ, ಓದಿ, ನನಗಷ್ಟೇ ಬೇಡವೆನ್ನಲು ಆ ಹುಡುಗಿಗೆ ಕೆಲವೇ ನಿಮಿಷ ಸಾಕಾಯಿತು. ಎರಡು ದಶಕಗಳ ಹಿಂದೆ ನದಿಯ ದಂಡೆಗೆ ಹೋಗಿ ಅಂಥ ನಾಲ್ಕು ಪ್ರಶ್ನೆ ಕೇಳಲು ನನಗೂ ಸಮಯವಿತ್ತು. ನಾನು ಕಚೇರಿಯಲ್ಲೇ ಕುಳಿತು ಸಹಿ ಹಾಕಿದೆ.