ಸೀಸೆಯ ಮೇಲಿನ ವಯಸ್ಸು

ಹೊಸೂರಿನ ಮಿತ್ರರೊಬ್ಬರ ಮನೆಯಲ್ಲಿ, ಪರದೇಶದಿಂದ ಬಂದ ಅವರ ಅಳಿಯಂದಿರು 21 ವರ್ಷದ ಸ್ಕಾಚ್ ಮಿಶ್ರಣದ ಸೀಸೆಯೊಂದನ್ನು ಮೇಜಿನ ಮೇಲಿರಿಸಿದಾಗ, ಬಿರಟೆ ತೆಗೆಯುವ ಮುನ್ನವೇ ನೆರೆದವರೆಲ್ಲರೂ ಅದನ್ನು ಶ್ರೇಷ್ಠವೆಂದು ನಿರ್ಣಯಿಸಿಬಿಟ್ಟಿದ್ದರು.

ಬಾರ್ಲಿಯ ಮಾಲ್ಟನ್ನೂ ಇತರ ಧಾನ್ಯಗಳ ವಿಸ್ಕಿಯನ್ನೂ ಬೆರೆಸಿದ ಆ ದ್ರವದಲ್ಲಿ ಎಲ್ಲಕ್ಕಿಂತ ಕಿರಿಯದು ಓಕ್ ಪೀಪಾಯಿಯಲ್ಲಿ ಕಳೆದ ವರ್ಷಗಳೆಷ್ಟು ಎಂಬುದಷ್ಟೇ ಆ ಅಂಕೆಯ ಅರ್ಥ. ಅದೂ ಸ್ಕಾಟ್ಲೆಂಡಿನ ಚಳಿಗೆ ತಕ್ಕ ಲೆಕ್ಕ. ‘ದೇವದೂತರ ಪಾಲು’ ಎಂದು ಅಲ್ಲಿಯವರು ಕರೆಯುವ, ಆವಿಯಾಗಿ ಹೋಗುವ ಅಂಶ ಅಲ್ಲಿ ವರ್ಷಕ್ಕೆ ಶೇಕಡ 2ರಷ್ಟಾದರೆ, ನಮ್ಮ ನೆರೆಯ ಬೆಂಗಳೂರಿನಲ್ಲಿ ಶೇಕಡ 10ಕ್ಕೂ ಮಿಗಿಲು. 200 ಲೀಟರು ತುಂಬಿಟ್ಟರೆ 21 ವರ್ಷಗಳ ತರುವಾಯ ಅಲ್ಲಿ 130 ಲೀಟರು ಉಳಿದೀತು, ಇಲ್ಲಿ 20ರ ಆಸುಪಾಸು. ಬೆಂಗಳೂರಿನ ಅಮೃತ್ ಸಂಸ್ಥೆ 2004ರಲ್ಲಿ ಗ್ಲಾಸ್ಗೋ ನಗರದಲ್ಲಿ ಬಿಡುಗಡೆ ಮಾಡಿದ ಮಾಲ್ಟ್ ವಿಸ್ಕಿ ತನ್ನ ವಯಸ್ಸನ್ನು ಹಣೆಯ ಮೇಲೆ ಬರೆದುಕೊಳ್ಳದೆಯೇ ಮನ್ನಣೆ ಗಳಿಸಿತು.

ವಯಸ್ಸಿಗೂ ಒಂದು ಹದವಿದೆ ಎಂಬ ಈ ಮರ್ಮ ನಮ್ಮ ಸೀಮೆಯ ಗೃಹಿಣಿಯರಿಗೆ ಹೊಸದಲ್ಲ. ಉಪ್ಪು ಬೆರೆಸಿ ಮಡಕೆಯಲ್ಲಿಟ್ಟ ಹುಣಸೆಹಣ್ಣು ಹಳತಾಗಿ ಕಪ್ಪಾದಾಗ ಹುಳಿಯ ಮೊನೆ ಮುರಿದು ಸಾರಿಗೆ ಒಂದು ಗಾಂಭೀರ್ಯ ಬರುವುದುಂಟು. ಅವಧಿ ಮೀರಿದರೆ ಉಳಿಯುವುದು ಬರಿಯ ಕಪ್ಪು.

ನಾನು ಸೋಡವನ್ನೂ ಮಂಜುಗಡ್ಡೆಯನ್ನೂ ದೂರವಿರಿಸಿ, ಲೋಟದಲ್ಲಿ ಎರಡು ಗುಟುಕಿನಷ್ಟು ಸುರಿದುಕೊಂಡು, ಹತ್ತು ನಿಮಿಷ ಸುಮ್ಮನೆ ಕುಳಿತೆ. ಮೂಗಿಗೆ ಮೊದಲು ಒಣದ್ರಾಕ್ಷಿ, ಅನಂತರ ಪಾಕಕ್ಕೇರಿದ ಬೆಲ್ಲ. ನಾಲ್ಕು ಹನಿ ನೀರು ಬಿದ್ದೊಡನೆ, ಅಜ್ಜಿಯ ರೇಷ್ಮೆಸೀರೆಗಳಿದ್ದ ಮರದ ಪೆಟ್ಟಿಗೆಯನ್ನು ಯಾರೋ ತೆರೆದಂತಾಯಿತು. ಪರಿಮಳ ನಿಸ್ಸಂಶಯವಾಗಿ ಉತ್ಕೃಷ್ಟವಾಗಿತ್ತು. ಆದರೆ ನಾಲಗೆಯ ಮೇಲೆ ನಡುಭಾಗ ಟೊಳ್ಳು. ಗಂಟಲಿಳಿದ ಮೇಲೆ ಹಣ್ಣೂ ಇಲ್ಲ, ಬೆಲ್ಲವೂ ಇಲ್ಲ, ಮರದ ಒಗರೊಂದೇ ಬಹಳ ಹೊತ್ತು ನಿಂತಿತು. ಮರ ಗೆದ್ದಿತ್ತು, ಧಾನ್ಯ ಸೋತಿತ್ತು.

ಇಲ್ಲೇ ತೊರಪಳ್ಳಿಯಲ್ಲಿ ಹುಟ್ಟಿ, ಈ ಸೀಮೆಯನ್ನೊಳಗೊಂಡಿದ್ದ ಅಂದಿನ ಸೇಲಂ ಜಿಲ್ಲೆಯಲ್ಲಿ 1937ರಲ್ಲಿ ಪಾನನಿಷೇಧವನ್ನು ಜಾರಿಗೆ ತಂದ ರಾಜಾಜಿಯವರ ನೆಲದಲ್ಲಿ ಕುಳಿತು ಮದ್ಯದ ಗುಣದೋಷ ವಿವೇಚಿಸುವುದು ಉದ್ಧಟತನವೆಂದು ಕೆಲವರಿಗೆ ತೋರಬಹುದು. ನಾನಾದರೋ, ಎರಡು ಗುಟುಕಿಗೆ ಅರ್ಧ ಗಂಟೆ ತೆಗೆದುಕೊಳ್ಳುವವನು ಸೀಸೆ ಬರಿದು ಮಾಡುವವನಿಗಿಂತ ರಾಜಾಜಿಯವರಿಗೆ ಕಡಮೆ ಅಪ್ರಿಯನಾಗುತ್ತಿದ್ದನೆಂದು ಸಮಾಧಾನಪಟ್ಟುಕೊಂಡಿದ್ದೇನೆ.

ಮುಂದಿನ ಸಲ ಸೀಸೆಗೆ ಟವೆಲು ಸುತ್ತಿ ತರಬೇಕೆಂದು ನಾನು ಸೂಚಿಸಿದೆ. ಎಲ್ಲರೂ ಒಪ್ಪಿದರು. ಅಳಿಯಂದಿರು ಮಾತ್ರ, ಯಾರೂ ಕೇಳದಿದ್ದರೂ, ಅದರ ಬೆಲೆಯನ್ನು ಎರಡನೆಯ ಬಾರಿ ಹೇಳಿದರು.