ಗಾಜಿನಾಚೆಯ ಬಿದರಿ, ಮತ್ತು ತಿರುಗಿಸೋ ಫಿಲ್ಟರ್

"ಈ ಪೋಲರೈಸಿಂಗ್ ಫಿಲ್ಟರ್ ಹಾಕ್ಕೊಳ್ಳಿ ಸಾರ್, ಗಾಜಿನ ಮೇಲಿನ ರಿಫ್ಲೆಕ್ಷನ್ ಪೂರ್ತಿ ಮಾಯ" ಅಂತ ಕ್ಯಾಮೆರಾ ಅಂಗಡಿಯವರು ಹೇಳ್ತಾರೆ. ಇದು ಅರ್ಧ ನಿಜ. ಉಳಿದ ಅರ್ಧ ಏನು ಅಂತ ಗೊತ್ತಿಲ್ಲದೆ ದುಡ್ಡು ಕೊಟ್ಟವರು ಒಂದು ವಾರ ಉಪಯೋಗಿಸಿ, ಡಬ್ಬಿಗೆ ಹಾಕಿ, ಮರೆತುಬಿಡ್ತಾರೆ. ನಮ್ಮ ಮಣಿಕೊಂಡದ ಅಪಾರ್ಟ್‌ಮೆಂಟಿನಲ್ಲೇ ಅಂಥ ಎರಡು ಡಬ್ಬಿ ನೋಡಿದ್ದೇನೆ. ನನ್ನ ಮಟ್ಟಿಗೆ ಇದು ಇಟ್ಟುಕೊಳ್ಳಲೇಬೇಕಾದ ವಸ್ತು. ಆದರೆ ಅದರ ಷರತ್ತುಗಳನ್ನು ಮೊದಲು ಓದಿಕೊಳ್ಳಬೇಕು. (ಸಾಲದ ಅರ್ಜಿಯಲ್ಲಿ ಸಣ್ಣ ಅಕ್ಷರ ಯಾರೂ ಓದಲ್ಲ ಅನ್ನೋದು ನನಗೆ ಮೂವತ್ತು ವರ್ಷದ ಅನುಭವ ಬಿಡಿ.)

ನನಗೆ ಇದರ ಅಗತ್ಯ ಬಿದ್ದದ್ದು ಬೀದರಿನಿಂದ. ಅಲ್ಲಿನ ನನ್ನ ಪರಿಚಯದ ಕುಶಲಕರ್ಮಿಯೊಬ್ಬರು ಬಿದರಿ ಕೆಲಸದವರು. ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂನಲ್ಲಿರುವ ಹಳೆಯ ಬಿದರಿ ಸಾಮಾನುಗಳ ಹೂಬಳ್ಳಿ ಹತ್ತಿರದಿಂದ ನೋಡಬೇಕು, ನಡೆಯೋಕೆ ಆಗಲ್ಲ, ನೀವೇ ತೆಗೆದು ಕಳಿಸಿ ಅಂದರು. ಫೋಟೋ ಬೇಡ, ವಿಡಿಯೋನೇ ಬೇಕು ಅಂತ ಹಠ. ಕಾರಣ ಕೇಳಿದಾಗ ಅವರು ಹೇಳಿದ್ದು ಸರಿ ಅನ್ನಿಸಿತು. ಬೆಳ್ಳಿ ಹೊಳೆಯೋದು ನೋಡೋವನ ಕಣ್ಣು ಸರಿದಾಡಿದಾಗ. ಹೊಳಪು ಹೇಗೆ ಓಡುತ್ತೆ ಅನ್ನೋದನ್ನು ನೋಡಿಯೇ ಇದು ತಂತಿ ಕೂರಿಸಿದ ತಾರ್‌ಕಶಿಯೋ, ತಗಡು ಕೂರಿಸಿದ ತೆಹ್‌ನಿಶಾನೋ ಅಂತ ಅವರು ಹೇಳಬಲ್ಲರು. ನಿಂತ ಚಿತ್ರದಲ್ಲಿ ಅದು ಬರೀ ಬಿಳಿ ಗೆರೆ.

ಬಿದರಿ ನಮ್ಮದು. ಹೆಸರೇ ಊರಿನದು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಕೆತ್ತಿ, ಬೆಳ್ಳಿ ಕೂರಿಸಿ, ಕಡೆಗೆ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಸೇರಿಸಿದ ಬಿಸಿ ನೀರಿನಲ್ಲಿ ಕಪ್ಪು ಮಾಡ್ತಾರೆ. ಸತು ಕಪ್ಪಾಗುತ್ತೆ, ಬೆಳ್ಳಿ ಬೆಳ್ಳಗೇ ಉಳಿಯುತ್ತೆ. 2023ರಲ್ಲಿ ಬೀದರಿನ ಷಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಾಗ ಪತ್ರಿಕೆಗಳೆಲ್ಲ ಇದನ್ನು ಬರೆದವು. ಆದರೆ ಹಳೆಯ ಒಳ್ಳೆಯ ಮಾಲೆಷ್ಟೋ ನವಾಬರು, ದಿವಾನರ ಸಂಗ್ರಹ ಸೇರಿ, ಈಗ ಊರಾಚೆ ಗಾಜಿನ ಬೀರುಗಳಲ್ಲಿದೆ. ಮಾಡುವ ಕೈ ಬೀದರಿನಲ್ಲಿ, ಮಾದರಿ ಮೂಸಿ ನದಿಯ ದಡದಲ್ಲಿ. ಮಧ್ಯೆ ಒಂದು ಗಾಜು.

ಆ ಗಾಜು ಮಾಡೋ ತೊಂದರೆ ಯಾವ ಮ್ಯೂಸಿಯಂನಲ್ಲಾದರೂ ಒಂದೇ. ನೇರವಾಗಿ ನೋಡಿದಾಗ ಗಾಜಿನ ಒಂದೊಂದು ಮೈಯೂ ಬೆಳಕಿನಲ್ಲಿ ಶೇಕಡಾ 4ರಷ್ಟನ್ನು ವಾಪಸ್ ಕಳಿಸುತ್ತೆ. ಎರಡು ಮೈ ಸೇರಿ ಸುಮಾರು 8. ಬಿಳಿ ಪಿಂಗಾಣಿ ತಟ್ಟೆಯ ಮುಂದೆ ಇದು ಲೆಕ್ಕಕ್ಕಿಲ್ಲ. ಕಪ್ಪು ಬಿದರಿಯ ಮುಂದೆ ಇದೇ ರಾಜ! ವಸ್ತುವಿನಿಂದ ಬರೋ ಬೆಳಕೇ ಕಡಿಮೆ, ಅದರ ಮೇಲೆ ಎದುರಿನ ದೀಪ, ನಿಮ್ಮ ಬಿಳಿ ಅಂಗಿ, ಹಿಂದೆ ನಿಂತ ಶಾಲಾ ಮಕ್ಕಳ ಸಾಲು ಎಲ್ಲ ಕೂತುಬಿಡುತ್ತೆ. ಹುಕ್ಕಾ ಬುಡದ ಹೂವಿನ ಜಾಗದಲ್ಲಿ ನಿಮ್ಮ ಹೊಟ್ಟೆ.

ಫಿಲ್ಟರ್ ಏನು ಮಾಡುತ್ತೆ? ಗಾಜಿಗೆ ಓರೆಯಾಗಿ ಬಿದ್ದು ವಾಪಸ್ ಬರೋ ಬೆಳಕು ಬಹುಪಾಲು ಒಂದೇ ದಿಕ್ಕಿನಲ್ಲಿ ಕಂಪಿಸುತ್ತೆ. ಫಿಲ್ಟರನ್ನು ತಿರುಗಿಸಿ ಆ ದಿಕ್ಕಿಗೆ ಬಾಗಿಲು ಮುಚ್ಚಿದರೆ ಪ್ರತಿಬಿಂಬ ಹೊರಗುಳಿಯುತ್ತೆ, ವಸ್ತುವಿನ ಬೆಳಕಿನಲ್ಲಿ ಸುಮಾರು ಅರ್ಧ ಒಳಗೆ ಬರುತ್ತೆ. ಇದನ್ನು ಮೊದಲು ಗಮನಿಸಿದ್ದೂ ಕಿಟಕಿ ಗಾಜಿನಲ್ಲೇ. 1808ರಲ್ಲಿ ಪ್ಯಾರಿಸ್ಸಿನಲ್ಲಿ ಮಾಲೂ ಅನ್ನೋ ಎಂಜಿನಿಯರ್, ಲಕ್ಸೆಂಬರ್ಗ್ ಅರಮನೆಯ ಕಿಟಕಿಗಳಲ್ಲಿ ಹೊಳೆಯುತ್ತಿದ್ದ ಸಂಜೆ ಸೂರ್ಯನನ್ನು ಒಂದು ಹರಳಿನ ಮೂಲಕ ನೋಡಿ ತಿರುಗಿಸಿದ. ಪ್ರತಿಬಿಂಬ ಮಂಕಾಗಿ ಮತ್ತೆ ಬೆಳಗಿತು. 1815ರಲ್ಲಿ ಬ್ರೂಸ್ಟರ್ ಇದಕ್ಕೆ ಕೋನದ ಲೆಕ್ಕ ಕೊಟ್ಟ.

ನಮ್ಮ ಸರ್ ಸಿ.ವಿ. ರಾಮನ್ ಕೂಡ ಇದೇ ಉಪಾಯ ಮಾಡಿದವರು. 1921ರಲ್ಲಿ ಇಂಗ್ಲೆಂಡಿನಿಂದ ಎಸ್.ಎಸ್. ನಾರ್ಕುಂಡಾ ಹಡಗಿನಲ್ಲಿ ಬರುವಾಗ, ಸಮುದ್ರದ ನೀಲಿ ಅಂದರೆ ಆಕಾಶದ ಪ್ರತಿಬಿಂಬ ಅಷ್ಟೇ ಅಂತ ದೊಡ್ಡವರು ಹೇಳಿದ್ದನ್ನು ಪರೀಕ್ಷಿಸೋಕೆ ನಿಕೋಲ್ ಪ್ರಿಸಂ ಹಿಡಿದು, ನೀರಿನ ಮೇಲ್ಮೈಯ ಪ್ರತಿಫಲನವನ್ನು ಅಳಿಸಿ ನೋಡಿದರು. ಆಕಾಶ ಅಳಿದ ಮೇಲೂ ನೀಲಿ ಉಳೀತು, ಇನ್ನೂ ಗಾಢವಾಗಿ. ಮುಂದೆ ನೊಬೆಲ್‌ವರೆಗೆ ಹೋದ ದಾರಿ ಶುರುವಾಗಿದ್ದು ಅಲ್ಲಿ. ಎಷ್ಟು ಸರಳ ನೋಡಿ, ಮೇಲಿನದನ್ನು ತೆಗೆದು ಒಳಗಿನದನ್ನು ನೋಡೋದು.

ಈಗ ಷರತ್ತು. ಎಲ್ಲಾ ಇರೋದು ಕೋನದಲ್ಲಿ. ಗಾಜಿಗೆ ನೇರವಾಗಿ ನಿಂತರೆ ಫಿಲ್ಟರ್ ಎಷ್ಟು ತಿರುಗಿಸಿದರೂ ಸೊನ್ನೆ. ನೇರದಿಂದ 30 ಡಿಗ್ರಿ ಸರಿದರೆ ಪ್ರತಿಬಿಂಬ, ವಸ್ತುವಿಗೆ ಹೋಲಿಸಿದರೆ, ಹತ್ತರಲ್ಲಿ ಆರು ಪಾಲು ಇನ್ನೂ ಇರುತ್ತೆ. 45ಕ್ಕೆ ಬಂದರೆ ಸುಮಾರು ಆರನೇ ಒಂದು. 56ರ ಹತ್ತಿರ, ಅದೇ ಬ್ರೂಸ್ಟರ್ ಕೋನ, ಹೆಚ್ಚುಕಡಿಮೆ ಮಾಯ. ಅಂಗಡಿಯವರು ಹೇಳೋ "ಪೂರ್ತಿ" ಇದು. ಆದರೆ ಅಷ್ಟು ಓರೆಯಲ್ಲಿ ಹೂಜಿ ಹೂಜಿಯಂತೆ ಕಾಣಿಸಬೇಕಲ್ಲ? ಬೀರುವಿನ ಮಧ್ಯೆ ಇರೋದನ್ನು ಹಾಗೆ ತೆಗೆದರೆ ಪಕ್ಕದ ಪಾನ್‌ದಾನ್ ಅಡ್ಡ ಬರುತ್ತೆ. ನಾನು 45ರ ಆಸುಪಾಸಿನಲ್ಲಿ ರಾಜಿ ಮಾಡಿಕೊಳ್ತೀನಿ. ಉಳಿದ ಆರನೇ ಒಂದು ಪಾಲಿಗೆ ಕಪ್ಪು ಅಂಗಿ. ತಮಾಷೆ ಅಲ್ಲ, ಕಪ್ಪು ಅಂಗಿ ಹಾಕಿ ಹೋಗೋದು ಎಷ್ಟೋ ಫಿಲ್ಟರಿಗಿಂತ ಅಗ್ಗ. ಲೆನ್ಸನ್ನು ಗಾಜಿಗೇ ಒತ್ತಿ ಹಿಡಿದು ಸುತ್ತ ಕಪ್ಪು ಬಟ್ಟೆ ಮುಚ್ಚಿದರೆ ಫಿಲ್ಟರೇ ಬೇಡ. ಮನೆ ಕಿಟಕಿಯಲ್ಲಿ ನಾನು ಹಾಗೇ ಮಾಡೋದು. ಮ್ಯೂಸಿಯಂನಲ್ಲಿ ಗಾಜು ಮುಟ್ಟೋ ಹಾಗಿಲ್ಲ, ಆ ನಿಯಮ ಸರಿಯಾದದ್ದೇ.

ವಿಡಿಯೋದವರಿಗೆ ಇನ್ನೊಂದು ಪೇಚು. ಫೋಟೋ ಆದರೆ ಒಂದು ಕೋನ ಸಾಕು. ಬೀರುವಿನುದ್ದಕ್ಕೂ ಕ್ಯಾಮೆರಾ ಆಡಿಸಿಕೊಂಡು ಹೋದರೆ ಗಾಜಿನ ಜೊತೆಗಿನ ಕೋನ ಕ್ಷಣಕ್ಷಣಕ್ಕೂ ಬದಲಾಗುತ್ತೆ, ಶುರುವಿನಲ್ಲಿ ಹೋದ ಪ್ರತಿಬಿಂಬ ಮಧ್ಯದಲ್ಲಿ ದೆವ್ವದ ಹಾಗೆ ವಾಪಸ್ ಬರುತ್ತೆ. ಅದಕ್ಕೇ ನಿಂತಲ್ಲೇ ಫಿಲ್ಟರ್ ತಿರುಗಿಸಿ ಗಟ್ಟಿಮಾಡಿಕೊಂಡು, ಒಂದೊಂದು ವಸ್ತುವಿಗೆ ಹತ್ತು ಸೆಕೆಂಡು, ಅಂಗೈ ಅಗಲದಷ್ಟೇ ಸರಿದು ತೆಗೆಯಬೇಕು. ಬೆಳ್ಳಿಯ ಹೊಳಪು ಓಡೋಕೆ ಅಷ್ಟು ಸಾಕು. ಇಲ್ಲಿ ನಮಗೊಂದು ಅದೃಷ್ಟ ಇದೆ. ಲೋಹದಿಂದ ವಾಪಸ್ ಬರೋ ಬೆಳಕು ಗಾಜಿನದರಂತೆ ಒಂದೇ ದಿಕ್ಕಿಗೆ ಬೀಳಲ್ಲ. ಹಾಗಾಗಿ ಫಿಲ್ಟರ್ ಗಾಜಿನ ಹೊಳಪನ್ನು ತೆಗೆದರೂ ಬೆಳ್ಳಿಯ ಹೊಳಪನ್ನು ಬಿಡುತ್ತೆ. ಬಿದರಿಗೆ ಅಂತಲೇ ಮಾಡಿಸಿದ ಹಾಗೆ! (ಇದೇ ಕಾರಣಕ್ಕೆ ನಮ್ಮ ಗಚ್ಚಿಬೌಲಿ ಕಡೆಯ ಗಾಜಿನ ಗೋಪುರಗಳ ಮೇಲೆ ಫಿಲ್ಟರಿನ ಆಟ ಅಷ್ಟಾಗಿ ನಡೆಯಲ್ಲ, ಲೋಹದ ಲೇಪ ಇರೋ ಗಾಜುಗಳವು.)

ಬೆಲೆಯ ವಿಷಯ. ಅಂಗಡಿಯ ಬೆಲೆಯಲ್ಲ, ಬೆಳಕಿನ ಬೆಲೆ. ಫಿಲ್ಟರ್ ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ತಿನ್ನುತ್ತೆ, ಅಂದರೆ ಒಳಗೆ ಬರೋದು ಮೂರನೇ ಒಂದೋ ನಾಲ್ಕನೇ ಒಂದೋ. ಮ್ಯೂಸಿಯಂನ ಮಂದ ಬೆಳಕಿನಲ್ಲಿ ಇದು ಭಾರೀ ಪ್ರೋಸೆಸಿಂಗ್ ಚಾರ್ಜು. ಫೋಟೋದವರು ಶಟರ್ ನಿಧಾನ ಮಾಡಬಹುದು. ವಿಡಿಯೋದಲ್ಲಿ ನಮ್ಮ 50 ಹರ್ಟ್ಸ್ ಕರೆಂಟಿನ ದೀಪ ಮಿನುಗಬಾರದು ಅಂದರೆ ಶಟರ್ 1/50ಕ್ಕೇ ಕಟ್ಟುಬಿದ್ದಿರಬೇಕು. ಐಎಸ್ಒ ಏರಿಸಿ ಕಾಳುಕಾಳು ಸಹಿಸಬೇಕು ಅಷ್ಟೇ. ಕಾಳು ನನಗೆ ಬೇಸರವಿಲ್ಲ. ಕಾಳಿನ ಕೆಳಗೆ ಇರೋದು ನಿಜವಾದ ಗೆರೆ.

ಇದನ್ನು ಹೇಳೋಕೆ ಕಾರಣ ಇದೆ. ಈಗ ಪ್ರತಿಬಿಂಬ ಅಳಿಸೋ ಎಐ ಫೋನಿನೊಳಗೇ ಬಂದಿದೆ. ಫಿಲ್ಟರ್ ಯಾಕೆ ಅಂಕಲ್, ಬೆರಳಲ್ಲಿ ಒತ್ತಿ ಅಂತಾರೆ ಹುಡುಗರು. ಮದುವೆ ಮನೆಯ ಫೋಟೋಗೆ ಒತ್ತಲಿ, ನನ್ನದೇನೂ ತಕರಾರಿಲ್ಲ. ಆದರೆ ಗಾಜಿನ ಮೇಲೆ ದೀಪ ಕೂತು ಗೆರೆ ಪೂರ್ತಿ ಮುಚ್ಚಿಹೋದ ಜಾಗದಲ್ಲಿ ಆ ಯಂತ್ರ ಕಂಡದ್ದನ್ನು ಕೊಡಲ್ಲ, ಊಹಿಸಿದ್ದನ್ನು ಬರೆಯುತ್ತೆ. ಬಳ್ಳಿಯಲ್ಲಿ ಐದು ಎಸಳಿದ್ದವೋ ಆರೋ, ಅದು ತನಗೆ ತೋಚಿದಷ್ಟು ಹಾಕುತ್ತೆ. ಬೀದರಿನವರು ಅದನ್ನೇ ಹಳೆಯ ಮಾದರಿ ಅಂತ ನಂಬಿ ಉಳಿ ಹಿಡಿದರೆ? ಬ್ಯಾಂಕಿನಲ್ಲಿ ಇದಕ್ಕೆ ಬೇರೆ ಹೆಸರಿದೆ. ಅದಕ್ಕಿಂತ "ಇಲ್ಲಿ ಕಾಣಲಿಲ್ಲ" ಅಂತ ಬಿಳಿ ಕಲೆ ಉಳಿಸೋದು ಮೇಲು.

ಕೊಳ್ಳೋರಿಗೆ ಎರಡು ಮಾತು. ಲೀನಿಯರ್, ಸರ್ಕ್ಯುಲರ್ ಅಂತ ಎರಡು ಬಗೆ. ಹಳೆಯ ಎಸ್ಎಲ್ಆರ್ ಇದ್ದರೆ ಸರ್ಕ್ಯುಲರ್ ಬೇಕು, ಇಲ್ಲವಾದರೆ ಅದರ ಫೋಕಸ್, ಬೆಳಕಿನ ಲೆಕ್ಕ ತಪ್ಪಬಹುದು. ಫೋನು, ಮಿರರ್‌ಲೆಸ್ಸಿಗೆ ಯಾವುದಾದರೂ ನಡೆಯುತ್ತೆ. ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಎಲ್‌ಸಿಡಿ ಮಾನಿಟರಿಗೆ ಹಿಡಿದು ತಿರುಗಿಸಿದಾಗ ಒಂದು ಕಡೆ ಪರದೆ ಕಪ್ಪಾಗಬೇಕು (ಸರ್ಕ್ಯುಲರ್ ಆದರೆ ಕ್ಯಾಮೆರಾಕ್ಕೆ ಹಾಕೋ ಮಗ್ಗುಲು ಕಣ್ಣಿನ ಕಡೆ ಇರಲಿ). ಆಗದಿದ್ದರೆ ಅದು ಬರೀ ಕಪ್ಪು ಗಾಜು. ಇನ್ನು ರೈಲಿನ ಮುಚ್ಚಿದ ಕಿಟಕಿ, ಕಾರಿನ ಹಿಂದಿನ ಗಾಜಿನ ಮೂಲಕ ತೆಗೆಯುವಾಗ ಫಿಲ್ಟರ್ ಬಿಚ್ಚಿಡಿ. ಟಫನ್ಡ್ ಗಾಜಿನಲ್ಲಿ ಸಿಕ್ಕಿಕೊಂಡಿರೋ ಒತ್ತಡವೆಲ್ಲ ಚುಕ್ಕೆ ಚುಕ್ಕೆಯಾಗಿ ಎದ್ದು ಕಾಣುತ್ತೆ. ಕಾಚಿಗುಡದಿಂದ ಯಶವಂತಪುರದವರೆಗೂ ಆಕಾಶಕ್ಕೆ ಸಿಡುಬು.

ದೇಶದ ಮ್ಯೂಸಿಯಂಗಳೆಲ್ಲ ಕಪ್ಪು ವಸ್ತುಗಳ ಬೀರುವಿಗಾದರೂ ಪ್ರತಿಫಲಿಸದ ಗಾಜು ಹಾಕಬೇಕು, ಅದು ದುಬಾರಿಯಾದರೆ ದೀಪವನ್ನು ಬೀರುವಿನ ಒಳಗಿಟ್ಟು ಹೊರಗಿನದನ್ನು ತಗ್ಗಿಸಬೇಕು ಅನ್ನೋದು ನನ್ನ ವಾದ. ನೋಡೋಕೆ ಬರೋರೆಲ್ಲ ಫಿಲ್ಟರ್ ಹಿಡಿದು ಬರಲ್ಲ.

ಇಪ್ಪತ್ತೆರಡು ತುಣುಕು ಬೀದರಿಗೆ ಹೋದವು. ಎರಡು ದಿನ ಬಿಟ್ಟು ಫೋನ್ ಬಂತು. ಒಂದು ತಟ್ಟೆಯದು ಅಫ್ತಾಬಿ ಕೆಲಸ, ನೆಲವೆಲ್ಲ ಬೆಳ್ಳಿ, ಹೂವೇ ಕಪ್ಪು, ಇದನ್ನು ಒಮ್ಮೆ ಮಾಡಿ ನೋಡ್ತೀನಿ ಅಂದರು. ಆಮೇಲೆ, ಹುಕ್ಕಾದ ತಳ ತೋರಿಸಿಲ್ಲವಲ್ಲ ಅಂದರು. ತಳಕ್ಕೆ ಬೀರುವಿನ ಬೀಗ ತೆಗೆಯಬೇಕು, ಅದಕ್ಕೆ ಅಧಿಕಾರಿಗಳಿಗೆ ಅರ್ಜಿ ಹಾಕಬೇಕು. ಅರ್ಜಿ ಬರೆಯೋದು ನನಗೆ ಬಿಡಿ ಅಂದಿದ್ದೇನೆ.