ಯಾರದು? ಒಬ್ಬರದೋ, ಹಲವರದೋ?

ಯಾದಗಿರಿ, ಶಹಾಪುರ, ಸುರಪುರದ ನಮ್ಮ ಎಷ್ಟೋ ಮಕ್ಕಳು ಮನೆಯಲ್ಲಿ ದಖನಿ ಉರ್ದು, ಓಣಿಯಲ್ಲಿ ಕನ್ನಡ ಮಾತಾಡಿ, ಶಾಲೆಯಲ್ಲಿ ಇಂಗ್ಲಿಷ್ ಬರೆಯುತ್ತಾರೆ. ‘ಇದು ಯಾರದು’ ಎಂದು ಹೇಳಲು ಇಂಗ್ಲಿಷಿನಲ್ಲಿ ‘ಎಸ್’ ಅಕ್ಷರದ ಬಳಿ ಒಂದು ಪುಟ್ಟ ಕೊಕ್ಕೆ ಹಾಕುತ್ತಾರೆ. ಅದೇ ಅಪಾಸ್ಟ್ರಫಿ. ಅದನ್ನು ಎಲ್ಲಿ ಹಾಕಬೇಕೆಂದು ಮಕ್ಕಳು ತಡಕಾಡುತ್ತಾರೆ.

ಉರ್ದುವಿನಲ್ಲಿ ‘ಬೇಟಿ ಕಾ ಹಿಸ್ಸಾ’, ‘ಬೇಟಿ ಕೀ ಕಿತಾಬ್’ ಎನ್ನುತ್ತೇವೆ. ಕಾ, ಕೀ ಬದಲಾಗುವುದು ವಸ್ತುವನ್ನು ನೋಡಿ. ಇಂಗ್ಲಿಷ್ ನೋಡುವುದು ಒಡೆಯರನ್ನು. ಮಗಳು ಒಬ್ಬಳೇ ಆದರೆ ಕೊಕ್ಕೆ ಎಸ್‌ಗಿಂತ ಮೊದಲು: ಡಾಟರ್’ಸ್ ಬುಕ್. ಅವಳ ಪುಸ್ತಕಗಳು ಹತ್ತಿದ್ದರೂ ಡಾಟರ್’ಸ್ ಬುಕ್ಸ್. ಹೆಣ್ಣುಮಕ್ಕಳು ಹಲವರಾದರೆ ಕೊಕ್ಕೆ ಎಸ್ ಆದ ಮೇಲೆ: ಡಾಟರ್ಸ್’ ಬುಕ್ಸ್. ಚಿಲ್ಡ್ರನ್, ವಿಮೆನ್ ಎಂಬ ಬಹುವಚನಗಳ ಕೊನೆಯಲ್ಲಿ ಎಸ್ ಇಲ್ಲ. ಅವಕ್ಕೆ ಕೊಕ್ಕೆ ಹಾಕಿ ಎಸ್ ಸೇರಿಸಬೇಕು: ಚಿಲ್ಡ್ರನ್’ಸ್, ವಿಮೆನ್’ಸ್. ಹೆಸರುಗಳಿಗೂ ಹೀಗೆಯೇ. ಸುರಪುರದ ಟೇಲರ್ ಮಂಜಿಲ್ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರನ ಮನೆ; ಇಂಗ್ಲಿಷಿನಲ್ಲಿ ಟೇಲರ್’ಸ್ ಹೌಸ್. ಆದರೆ ‘ಅದರ’ ಎಂಬರ್ಥದ ‘ಇಟ್ಸ್’ಗೆ ಕೊಕ್ಕೆ ಬೇಡ.

ಇಷ್ಟು ಸಣ್ಣ ಗುರುತಿನಿಂದ ಏನಾದೀತು ಎನ್ನಬೇಡಿ. ಮೃತರಿಗೆ ಗಂಡುಮಕ್ಕಳಿಲ್ಲದಿದ್ದರೆ ಒಬ್ಬಳೇ ಮಗಳಿಗೆ ಆಸ್ತಿಯ ಅರ್ಧ. ಇಬ್ಬರು ಅಥವಾ ಹೆಚ್ಚು ಹೆಣ್ಣುಮಕ್ಕಳಿದ್ದರೆ ಎಲ್ಲರಿಗೂ ಸೇರಿ ಮೂರರಲ್ಲಿ ಎರಡು ಪಾಲು. ಇದು ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 11ನೇ ಸೂಕ್ತದ ವಿಧಿ. ಈಗ ಡಾಟರ್’ಸ್ ಶೇರ್, ಡಾಟರ್ಸ್’ ಶೇರ್ ಎರಡನ್ನೂ ಗಟ್ಟಿಯಾಗಿ ಓದಿ ನೋಡಿ. ಕಿವಿಗೆ ಎರಡೂ ಒಂದೇ. ಪಾಲು ಒಬ್ಬಳದೋ, ಎಲ್ಲರದೋ ಎಂದು ಹೇಳುವುದು ಕೊಕ್ಕೆ ಮಾತ್ರ. ಆದ್ದರಿಂದ ಸಹೋದರಿಯರೇ, ಇಂಗ್ಲಿಷಿನ ಕಾಗದವನ್ನು ಯಾರೋ ಓದಿ ಹೇಳಿದರೆಂದು ಸಹಿ ಹಾಕಬೇಡಿ. ಕಣ್ಣಾರೆ ನೋಡಿ, ಬಲ್ಲವರಿಂದ ಅರ್ಥ ಕೇಳಿ ತಿಳಿದುಕೊಳ್ಳಿ.

ಇಂಗ್ಲಿಷ್ ಹೆಚ್ಚು ಬಾರದ ತಾಯಿಯೂ ಇದನ್ನು ಮಗುವಿಗೆ ಕಲಿಸಬಲ್ಲಳು. ಕನ್ನಡವೇ ಇದಕ್ಕೆ ನೆರವು. ‘ತಂಗಿಯ’ ಎಂದರೆ ಒಬ್ಬಳು, ‘ತಂಗಿಯರ’ ಎಂದರೆ ಹಲವರು. ಎರಡೇ ಪ್ರಶ್ನೆ ಕೇಳಿ: ಇದು ಯಾರದು? ಅವರು ಒಬ್ಬರೋ, ಹಲವರೋ?

ಈ ತಿಂಗಳ ಅಭ್ಯಾಸ: ತಂಗಿಯ ಬಳೆಗಳು, ತಂಗಿಯರ ಕೋಣೆ, ಮಕ್ಕಳ ಮದ್ರಸ. ಮಗು ಬರೆದ ಮೇಲೆ ಈ ಉತ್ತರದೊಡನೆ ಹೋಲಿಸಿ: ಸಿಸ್ಟರ್’ಸ್ ಬ್ಯಾಂಗಲ್ಸ್, ಸಿಸ್ಟರ್ಸ್’ ರೂಮ್, ಚಿಲ್ಡ್ರನ್’ಸ್ ಮದ್ರಸ.